‘ನಿಮ್ಮನ್ನ ಎಲ್ಲೋ ನೋಡಿದ್ದೀನಲ್ಲಾ?’: ಪೋಷಕ ನಟನಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಪ್ಪತ್ನಾಲ್ಕು ವರ್ಷಗಳಿಂದ ಕನ್ನಡ ಸೀರಿಯಲ್ ಮತ್ತು ಸಿನಿಮಾಗಳಲ್ಲಿ ಅಪ್ಪ, ಮಾವ, ಪುರೋಹಿತ, ಲಾಯರು, ಎರಡು ಸಲ ಸಬ್ ಇನ್ಸ್‌ಪೆಕ್ಟರ್, ಒಂದು ಸಲ ಹೆಣ ಆಗಿದ್ದೇನೆ. ಹೆಸರು ಯಾರಿಗೂ ಗೊತ್ತಿಲ್ಲ, ಮುಖ ಎಲ್ಲರಿಗೂ ಗೊತ್ತು. ಮದುವೆ ಮನೆಯಲ್ಲಿ ಪಂಕ್ತಿಗೆ ಕೂತರೆ ಪಕ್ಕದವರು ಒಂದೆರಡು ಸಲ ತಿರುಗಿ ನೋಡುತ್ತಾರೆ, ಆಮೇಲೆ ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ನಾನು ಅರ್ಧ ಹೇಳುವಷ್ಟರಲ್ಲಿ ಹೋಳಿಗೆ ಬಂದುಬಿಡುತ್ತದೆ. ಅದಕ್ಕೇ ಪೂರ್ತಿ ಉತ್ತರ ಇಲ್ಲಿ ಬರೆದಿಟ್ಟಿದ್ದೇನೆ.

ಪೋಷಕ ನಟ ಅಂದರೆ ಯಾರು? ಜೂನಿಯರ್ ಆರ್ಟಿಸ್ಟ್ ಬೇರೆಯಾ?

ಬೇರೆ. ಸಂತೆಯಲ್ಲಿ ಓಡಾಡುವವರು, ಕೋರ್ಟಿನಲ್ಲಿ ಹಿಂದಿನ ಬೆಂಚಲ್ಲಿ ಕೂತವರು, ಮದುವೆ ಸೀನಿನಲ್ಲಿ ಅಕ್ಷತೆ ಹಾಕುವವರು ಜೂನಿಯರ್ ಆರ್ಟಿಸ್ಟ್‌ಗಳು. ಅವರನ್ನು ಏಜೆಂಟರು ಗುಂಪಾಗಿ ಕಳಿಸುತ್ತಾರೆ. ಪಾತ್ರಕ್ಕೊಂದು ಹೆಸರಿದ್ದು, ನಾಯಕ-ನಾಯಕಿ-ವಿಲನ್ ಮೂವರೂ ಅಲ್ಲದಿದ್ದರೆ ಅದು ಪೋಷಕ ಪಾತ್ರ.

ಶಾಲೆಯಲ್ಲಿ ‘ಪೋಷಕರ ಸಭೆ’ ಅಂದರೆ ಅಪ್ಪ-ಅಮ್ಮಂದಿರ ಸಭೆ. ನಮ್ಮಲ್ಲೂ ಹಾಗೇ. ಪೋಷಕ ನಟರಿಗೆ ಸಿಗುವುದು ಬಹುಪಾಲು ಅಪ್ಪ-ಅಮ್ಮನ ಪಾತ್ರವೇ. ಹೆಸರಿಟ್ಟವರಿಗೆ ಮೊದಲೇ ಗೊತ್ತಿತ್ತೋ ಏನೋ.

ಹೀರೋ ಆಗಲು ಆಗದವರು ತಾನೇ ಪೋಷಕ ನಟರಾಗುವುದು?

ಈ ಪ್ರಶ್ನೆಯನ್ನು ನೇರವಾಗಿ ಕೇಳುವವರು ಕಡಿಮೆ. ‘ನೀವೂ ಟ್ರೈ ಮಾಡಿದ್ರಾ ಸರ್?’ ಅಂತ ಸುತ್ತಿ ಬಳಸಿ ಕೇಳುತ್ತಾರೆ.

ಕೆ.ಎಸ್. ಅಶ್ವಥ್ ಅವರು 1955ರ ‘ಸ್ತ್ರೀರತ್ನ’ ಚಿತ್ರದಲ್ಲಿ ನಾಯಕರಾಗಿಯೇ ಬಂದವರು. ಆಮೇಲೆ ಅಪ್ಪನಾದರು, ಅಣ್ಣನಾದರು, ನಾರದನಾದರು, ಮೇಷ್ಟ್ರಾದರು. 300ಕ್ಕೂ ಹೆಚ್ಚು ಸಿನಿಮಾ ಮಾಡಿದರು. ಅವರನ್ನು ‘ಹೀರೋ ಆಗದೆ ಉಳಿದವರು’ ಅಂತ ಕರ್ನಾಟಕದಲ್ಲಿ ಯಾರಾದರೂ ಅಂದದ್ದು ನಾನಂತೂ ಕೇಳಿಲ್ಲ.

1972ರ ‘ನಾಗರಹಾವು’ ಇನ್ನೊಮ್ಮೆ ನೋಡಿ. ರಾಮಾಚಾರಿಯನ್ನು ಬಿಡಿ, ಚಾಮಯ್ಯ ಮೇಷ್ಟ್ರನ್ನು ಮಾತ್ರ ನೋಡಿ. ಊರಿಗೆಲ್ಲ ಎದುರಾಡುವ ಹುಡುಗ ಈ ಮೇಷ್ಟ್ರ ಮುಂದೆ ಮಾತ್ರ ತಲೆ ತಗ್ಗಿಸುತ್ತಾನೆ. ಯಾಕೆ ತಗ್ಗಿಸುತ್ತಾನೆ ಅನ್ನುವುದನ್ನು ನಾವು ನಂಬಬೇಕಲ್ಲ? ಅದು ಹುಡುಗನ ಮುಖದಿಂದ ಬರುವುದಿಲ್ಲ. ಮೇಷ್ಟ್ರ ಮುಖದಿಂದ ಬರುತ್ತದೆ. ವಿಷ್ಣುವರ್ಧನ್ ಅವರಿಗೆ ನಾಯಕನಾಗಿ ಅದು ಮೊದಲ ಸಿನಿಮಾ. ಎದುರಿಗೆ ಹದಿನೇಳು ವರ್ಷ ಕ್ಯಾಮೆರಾ ಕಂಡ ಅಶ್ವಥ್ ನಿಂತಿದ್ದರು. ಆ ಪಾತ್ರಕ್ಕೆ ಅವರಿಗೆ ರಾಜ್ಯ ಪ್ರಶಸ್ತಿ ಬಂತು. ಇವತ್ತಿಗೂ ಒಳ್ಳೆಯ ಮೇಷ್ಟ್ರನ್ನು ಕಂಡರೆ ಜನ ‘ಚಾಮಯ್ಯ ಮೇಷ್ಟ್ರು’ ಅನ್ನುತ್ತಾರೆ.

ಸರಿ, ಆದರೆ ಎಷ್ಟೋ ಸೀನಿನಲ್ಲಿ ನಿಮಗೆ ಮಾತೇ ಇರಲ್ಲ. ಸುಮ್ನೆ ನಿಂತಿರ್ತೀರಲ್ಲ?

ಸುಮ್ಮನೆ ನಿಲ್ಲುವುದಕ್ಕೇ ದುಡ್ಡು ಕೊಡುವುದು! ತಮಾಷೆ ಅಲ್ಲ.

ನನ್ನ ಮೊದಲ ಸೀರಿಯಲ್‌ನ ಮೂರನೇ ದಿನ. ಮಗಳು ಅಳುತ್ತಾ ಒಂದೂವರೆ ಪುಟ ಮಾತಾಡುತ್ತಾಳೆ, ನಾನು ಅಪ್ಪ, ಕೇಳಿಸಿಕೊಳ್ಳಬೇಕು. ನಾಟಕದಿಂದ ಬಂದವನು ನಾನು. ಹಿಂದಿನ ಸಾಲಿನವರಿಗೂ ಕಾಣಲಿ ಅಂತ ಹುಬ್ಬು ಗಂಟಿಕ್ಕಿದೆ, ಕಣ್ಣು ಅಗಲಿಸಿದೆ, ಎದೆ ಮೇಲೆ ಕೈ ಇಟ್ಟುಕೊಂಡೆ. ಕ್ಯಾಮೆರಾಮನ್ ಕ್ಯಾಮೆರಾದಿಂದ ಕಣ್ಣು ತೆಗೆದು, ‘ಸಾರ್, ಆ ಯಮ್ಮ ಹೇಳ್ತಾ ಇರೋದು ಕೇಳಿಸ್ಕೊಳಿ ಸಾಕು. ನೀವು ಉತ್ತರ ರೆಡಿ ಮಾಡ್ಕೋತಾ ಇದ್ದೀರ, ಕಣ್ಣಲ್ಲಿ ಕಾಣ್ತಾ ಇದೆ’ ಅಂದ. ಎಲ್ಲರ ಮುಂದೆ ಅಂದ. ಮೈ ಬೆವರಿತು. ಆದರೆ ಅವನು ಹೇಳಿದ್ದು ನೂರಕ್ಕೆ ನೂರು ನಿಜ. ನನ್ನ ಮುಂದಿನ ಸಾಲು ನೆನಪಿಟ್ಟುಕೊಂಡು ಕಾಯುತ್ತಿದ್ದೆನೇ ಹೊರತು ಅವಳ ಮಾತು ಒಂದೂ ಕಿವಿಗೆ ಬಿದ್ದಿರಲಿಲ್ಲ.

ಸೀನಿನ ಮಾತು ಯಾರದೇ ಇರಲಿ, ಎಡಿಟಿಂಗ್‌ನಲ್ಲಿ ಆಗಾಗ ಕೇಳುವವರ ಮುಖಕ್ಕೆ ಕಟ್ ಮಾಡುತ್ತಾರೆ. ಅದನ್ನು ರಿಯಾಕ್ಷನ್ ಅನ್ನುತ್ತೇವೆ. ಮಗಳ ಮಾತಿಗೆ ಎಷ್ಟು ತೂಕ ಅನ್ನುವುದನ್ನು ನೋಡುಗರು ಅಪ್ಪನ ಮುಖದಲ್ಲಿ ಓದುತ್ತಾರೆ. ಅಲ್ಲಿ ಅಪ್ಪ ಆ್ಯಕ್ಟಿಂಗ್ ಮಾಡಿದರೆ ಮಗಳ ಅಳುವೂ ಸುಳ್ಳಾಗುತ್ತದೆ.

ಟಿ.ಎನ್. ಬಾಲಕೃಷ್ಣ ಅವರನ್ನು ಇಲ್ಲಿ ನೆನೆಯದೆ ಇರಲಾಗದು. ಅರಸೀಕೆರೆಯವರು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ, ಮುಖ ನೋಡಿಕೊಂಡೇ ತಮ್ಮ ಮಾತಿನ ಸರದಿ ಹಿಡಿಯುತ್ತಿದ್ದರು. 1943ರ ‘ರಾಧಾರಮಣ’ದಿಂದ ಶುರುವಾಗಿ 500ಕ್ಕೂ ಹೆಚ್ಚು ಸಿನಿಮಾ. ‘ಬಂಗಾರದ ಮನುಷ್ಯ’ದ ರಾಚೂಟಪ್ಪ ಅವರೇ. ಅವರ ಯಾವ ಸೀನನ್ನಾದರೂ ಹಾಕಿ, ಕಣ್ಣು ಎಲ್ಲಿದೆ ನೋಡಿ. ಎದುರಿಗಿರುವ ನಟನ ಮೇಲಿಂದ ಕದಲುವುದಿಲ್ಲ. ಕಿವಿ ಚೆನ್ನಾಗಿರುವ ನಾವು ಅಷ್ಟು ಕೇಳಿಸಿಕೊಳ್ಳುವುದಿಲ್ಲ.

ಚಿಕ್ಕ ಪಾತ್ರದಿಂದ ಹೆಸರು ಬರುತ್ತಾ?

ಬರುತ್ತದೆ, ಕೆಲವು ಸಲ ಹೆಸರಿಗೇ ಅಂಟಿಕೊಳ್ಳುತ್ತದೆ. ಲೋಕನಾಥ್ ಅವರು ರಂಗಭೂಮಿಯಲ್ಲಿ ಪಳಗಿದವರು, ‘ಸಂಸ್ಕಾರ’ದಂಥ ಸಿನಿಮಾದಲ್ಲಿ ನಟಿಸಿದವರು. ಆದರೆ 1974ರ ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಉಪ್ಪಿನಕಾಯಿ ಚಪ್ಪರಿಸಿದ್ದೇ ಚಪ್ಪರಿಸಿದ್ದು, 2018ರ ಡಿಸೆಂಬರ್ 31ರಂದು ತೀರಿಕೊಳ್ಳುವವರೆಗೂ ಜನಕ್ಕೆ ಅವರು ಉಪ್ಪಿನಕಾಯಿ ಲೋಕನಾಥ್. ಆ ಸೀನು ನೋಡಿದರೆ ಇವತ್ತಿಗೂ ಬಾಯಲ್ಲಿ ನೀರು. ಗಮನಿಸಿ, ಅಲ್ಲೂ ಮಾತು ಮುಖ್ಯ ಅಲ್ಲ.

ನಮ್ಮಲ್ಲಿ ಈ ಹೆಸರಿನ ಪದ್ಧತಿಯೇ ಚೆಂದ. ‘ಮುಖ್ಯಮಂತ್ರಿ’ ಚಂದ್ರು ಅವರಿಗೆ ನಾಟಕದ ಹೆಸರು. ‘ಸಿಹಿಕಹಿ’ ಚಂದ್ರು ಅವರಿಗೆ ಸೀರಿಯಲ್ ಹೆಸರು. ‘ರಂಗಾಯಣ’ ರಘು ಅವರಿಗೆ ತಾವು ಬೆಳೆದ ಸಂಸ್ಥೆಯ ಹೆಸರು. ‘ಬ್ಯಾಂಕ್’ ಜನಾರ್ದನ್ ಅವರಿಗೆ ನೌಕರಿಯದೇ ಹೆಸರು. ನನಗಿನ್ನೂ ಯಾವುದೂ ಅಂಟಿಲ್ಲ. ನಮ್ಮ ಬೀದಿ ಹಾಲಿನವನು ಮಾತ್ರ ‘ಟೀವಿ ಸಾರ್’ ಅನ್ನುತ್ತಾನೆ.

ಶುರು ಮಾಡುವುದು ಹೇಗೆ? ನಾಟಕ ಮಾಡಿರಲೇಬೇಕಾ?

ಬೇಕೇ ಬೇಕು ಅಂತ ಕಾನೂನಿಲ್ಲ. ಆದರೆ ನನ್ನ ಜೊತೆ ಕೆಲಸ ಮಾಡಿದವರಲ್ಲಿ ಹತ್ತು ವರ್ಷ ದಾಟಿ ಉಳಿದವರು ಹೆಚ್ಚಿನವರು ನಾಟಕದವರೇ.

ಪೂರ್ತಿ ಒಂದು ವರ್ಷ ಕೊಡಬಲ್ಲಿರಾದರೆ ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ ಇದೆ. 1949ರಲ್ಲಿ ಹುಟ್ಟಿದ ಸಂಸ್ಥೆ. ರಂಗಶಿಕ್ಷಣ ಕೇಂದ್ರ 1980ರಲ್ಲಿ ಶುರುವಾಯಿತು. ಅಲ್ಲಿ ನಟನೆ ಮಾತ್ರ ಅಲ್ಲ, ರಂಗಸಜ್ಜಿಕೆಗೆ ಮೊಳೆ ಹೊಡೆಯುವುದನ್ನೂ ಕಲಿಯಬೇಕು. ‘ಕಾಂತಾರ’, ‘ಕೆಜಿಎಫ್’ಗಳಲ್ಲಿ ನೀವು ನೋಡಿದ ಅಚ್ಯುತ್ ಕುಮಾರ್ ಅಲ್ಲಿ ಕಲಿತವರು. ಮಂಡ್ಯ ರಮೇಶ್ ಕೂಡ. ಮೈಸೂರಿನಲ್ಲಿ ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ರಂಗಾಯಣ ಇದೆ, ಮಂಡ್ಯ ರಮೇಶ್ ಅವರೇ ನಡೆಸುವ ನಟನ ಇದೆ.

ಒಂದು ವರ್ಷ ಕೊಡಲಾಗದವರು ಬೆಂಗಳೂರಿನಲ್ಲಿ ಯಾವುದಾದರೂ ಹವ್ಯಾಸಿ ತಂಡ ಸೇರಬಹುದು. ಸಂಜೆ ಆರೂವರೆಗೆ ರಿಹರ್ಸಲ್, ಒಂಬತ್ತಕ್ಕೆ ಮನೆ. ಮೊದಲ ಆರು ತಿಂಗಳು ನಿಮ್ಮ ಕೈಗೆ ಪಾತ್ರ ಬರುವುದಿಲ್ಲ, ಕಾಫಿ ಫ್ಲಾಸ್ಕ್ ಬರುತ್ತದೆ. ಬೇಜಾರು ಬೇಡ. ಬೇರೆಯವರ ರಿಹರ್ಸಲ್ ನೋಡುತ್ತಾ ಕೂರುವುದು ಕ್ಯಾಮೆರಾ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಉತ್ತರ ಕರ್ನಾಟಕದ ವೃತ್ತಿ ನಾಟಕ ಕಂಪನಿಗಳಿಂದ ಬಂದವರ ದಾರಿಯೇ ಬೇರೆ. ಅವರಿಗೆ ಟೈಮಿಂಗ್ ಯಾರೂ ಕಲಿಸಬೇಕಿಲ್ಲ. ಜಾತ್ರೆಯಲ್ಲಿ ಟಿಕೆಟ್ ಕೊಂಡು ಕೂತ ಜನ ಕಲಿಸಿರುತ್ತಾರೆ.

ಆಡಿಷನ್‌ಗೆ ದುಡ್ಡು ಕೇಳುತ್ತಿದ್ದಾರೆ. ಕೊಡಲಾ?

ಬೇಡ. ರಿಜಿಸ್ಟ್ರೇಷನ್ ಅಂದರೂ ಬೇಡ, ಪೋರ್ಟ್‌ಫೋಲಿಯೋ ಅಂದರೂ ಬೇಡ, ‘ಪಾತ್ರ ಫಿಕ್ಸ್, ಕಾಸ್ಟ್ಯೂಮ್‌ಗೆ ಅಡ್ವಾನ್ಸ್’ ಅಂದರೂ ಬೇಡ. ನಟನೆಗೆ ಅವರು ನಿಮಗೆ ದುಡ್ಡು ಕೊಡಬೇಕು. ಮೊಬೈಲಿನಲ್ಲಿ ತೆಗೆದ ಮೂರು ಫೋಟೋ ಸಾಕು: ಎದುರಿಂದ, ಪಕ್ಕದಿಂದ, ಪೂರ್ತಿ ಆಳು. ಜೊತೆಗೆ ಒಂದು ನಿಮಿಷದ ವಿಡಿಯೋ. ಅದರಲ್ಲಿ ಸಿನಿಮಾ ಡೈಲಾಗ್ ಹೊಡೆಯಬೇಡಿ. ನಿಮ್ಮ ಅಜ್ಜಿಯ ಬಗ್ಗೆ ಏನಾದರೂ ಹೇಳಿ.

ಕೈಯಲ್ಲಿರುವ ಕೆಲಸ ಬಿಟ್ಟು ಬರಲಾ?

ನಿಮ್ಮ ಮನೆಯವರು ಏನು ಹೇಳುತ್ತಾರೋ ನಾನೂ ಅದನ್ನೇ ಹೇಳುತ್ತೇನೆ. ಬಿಡಬೇಡಿ, ಈಗಲೇ ಬಿಡಬೇಡಿ.

ಪೋಷಕ ನಟನೆಯಲ್ಲಿ ಒಂದು ಅನುಕೂಲ ಇದೆ. ವಯಸ್ಸು ಕಳೆದುಹೋಗುವುದಿಲ್ಲ, ಕೂಡಿಬರುತ್ತದೆ. ದತ್ತಣ್ಣ, ಅಂದರೆ ಎಚ್.ಜಿ. ದತ್ತಾತ್ರೇಯ, ವಾಯುಸೇನೆಯಲ್ಲಿ ಅಧಿಕಾರಿಯಾಗಿದ್ದವರು. ಸಿನಿಮಾಗೆ ಬಂದಾಗ ನಲವತ್ತು ದಾಟಿತ್ತು. ಹೀರೋಗೆ ಅದು ತಡ, ಅಪ್ಪನಿಗೆ ಅದು ಸರಿಯಾದ ವಯಸ್ಸು! 2019ರಲ್ಲಿ ‘ಮಿಷನ್ ಮಂಗಲ್’ ಎಂಬ ಹಿಂದಿ ಸಿನಿಮಾದಲ್ಲಿ ಇಸ್ರೋ ವಿಜ್ಞಾನಿಯಾಗಿ ಕಾಣಿಸಿಕೊಂಡಾಗ ಎಪ್ಪತ್ತೇಳು. ಭಾರ್ಗವಿ ನಾರಾಯಣ್ ಇಎಸ್‌ಐ ಕಾರ್ಪೊರೇಷನ್‌ನಲ್ಲಿ ನೌಕರಿ ಮಾಡಿಕೊಂಡೇ ನಾಟಕ, ಸಿನಿಮಾ, ಟೀವಿ ಎಲ್ಲ ಮಾಡಿದರು.

ನಾನು ಹನ್ನೊಂದು ವರ್ಷ ಒಂದು ಖಾಸಗಿ ಕಂಪನಿಯ ಸ್ಟೋರ್ಸ್‌ನಲ್ಲಿದ್ದೆ. ರಜೆ ಹಾಕಿ ಹಾಕಿ ಶೂಟಿಂಗ್‌ಗೆ ಹೋಗುತ್ತಿದ್ದೆ. ಕೊನೆಗೆ ಮೇಲಿನವರು, ‘ನಿಮ್ಮ ತಾತ ಈ ವರ್ಷ ಎರಡನೇ ಸಲ ತೀರಿಕೊಂಡಿದ್ದಾರೆ’ ಅಂದರು. ಆಮೇಲೆ ಬಿಟ್ಟೆ.

ಸೀರಿಯಲ್ ಸೆಟ್‌ನಲ್ಲಿ ಒಂದು ದಿನ ಹೇಗಿರುತ್ತದೆ?

ಹಿಂದಿನ ರಾತ್ರಿ ಮ್ಯಾನೇಜರ್ ಫೋನ್ ಬರುತ್ತದೆ. ‘ಸಾರ್, ನಾಳೆ ಏಳೂವರೆ, ಬ್ಲೂ ಚೆಕ್ಸ್ ಶರ್ಟ್ ಕಂಟಿನ್ಯೂಟಿ’. ಅಷ್ಟೇ. ಯಾವ ಸೀನು, ಯಾರು ಜೊತೆಗೆ, ಏನೂ ಹೇಳುವುದಿಲ್ಲ. ಬಹಳ ಸಲ ಅವರಿಗೂ ಗೊತ್ತಿರುವುದಿಲ್ಲ.

ಶೂಟಿಂಗ್ ಮನೆ ಅಂದರೆ ಊರಾಚೆ ಲೇಔಟ್‌ನ ಯಾರದೋ ದೊಡ್ಡ ಬಾಡಿಗೆ ಮನೆ. ಒಂದು ರೂಮು ಮೇಕಪ್‌ಗೆ. ತಟ್ಟೆಯಲ್ಲಿ ಇಡ್ಲಿ, ಉಪ್ಪಿಟ್ಟು. ಒಂಬತ್ತಕ್ಕೆ ಮೊದಲ ಶಾಟ್. ಸೋಮವಾರದಿಂದ ಶುಕ್ರವಾರ, ಕೆಲವಕ್ಕೆ ಶನಿವಾರವೂ, ದಿನಕ್ಕೊಂದು ಎಪಿಸೋಡ್ ಹೋಗಬೇಕು. ಅಂದರೆ ಇಪ್ಪತ್ತು ನಿಮಿಷದ ಕಥೆ ಹೆಚ್ಚುಕಡಿಮೆ ಒಂದೇ ದಿನದಲ್ಲಿ ತಯಾರಾಗಬೇಕು. ಕೈಯಲ್ಲಿ ಎಪಿಸೋಡ್ ಬ್ಯಾಂಕ್, ಅಂದರೆ ಮೊದಲೇ ತೆಗೆದಿಟ್ಟ ಎಪಿಸೋಡ್‌ಗಳು, ಇಲ್ಲದಿದ್ದರೆ ಬೆಳಗ್ಗೆ ತೆಗೆದದ್ದು ಮರುದಿನ ಸಂಜೆ ಟೀವಿಯಲ್ಲಿ. ಸೀನ್ ಪೇಪರ್ ವಾಟ್ಸಾಪ್‌ನಲ್ಲಿ ಬರುವಷ್ಟರಲ್ಲಿ ಲೈಟಿಂಗ್ ಆಗಿರುತ್ತದೆ.

ಕಂಟಿನ್ಯೂಟಿ ಅಂದರೆ ಏನು ಅಂತ ಒಂದು ಉದಾಹರಣೆ. ಒಂದು ಸೀನಿನ ಕೊನೆಯಲ್ಲಿ ನಾನು ಕಾಫಿ ಲೋಟ ಹಿಡಿದು ಗಾಬರಿಯಾಗಿ ತಿರುಗುತ್ತೇನೆ. ಎಪಿಸೋಡ್ ಅಲ್ಲಿಗೆ ಮುಗಿಯಿತು. ಮುಂದುವರಿದ ಸೀನು ತೆಗೆದದ್ದು ಒಂಬತ್ತು ದಿನ ಬಿಟ್ಟು. ಅಸೋಸಿಯೇಟ್ ಡೈರೆಕ್ಟರ್ ಹುಡುಗಿ ಮೊಬೈಲಿನಲ್ಲಿ ಹಳೇ ಫೋಟೋ ತೋರಿಸಿದಳು. ಲೋಟ ಎಡಗೈಯಲ್ಲಿ, ಅರ್ಧ ಕಾಫಿ, ಶರ್ಟಿನ ಎರಡನೇ ಗುಂಡಿ ಬಿಚ್ಚಿದೆ, ಹಣೆಯ ಕುಂಕುಮ ಬಲಕ್ಕೆ ಸ್ವಲ್ಪ ಅಳಿಸಿದೆ. ಎಲ್ಲ ಹಾಗೇ ಮಾಡಿಕೊಂಡೆವು. ಶಾಟ್ ಓಕೆ. ಆಮೇಲೆ ನೋಡಿದರೆ ಒಂಬತ್ತು ದಿನದಲ್ಲಿ ನಾನು ಕ್ಷೌರ ಮಾಡಿಸಿಕೊಂಡಿದ್ದೆ. ತಿರುಗುವಾಗ ಕೂದಲಿತ್ತು, ತಿರುಗಿದ ಮೇಲೆ ಇಲ್ಲ. ಗಾಬರಿಗೆ ಕೂದಲು ಉದುರಿತು ಅಂತ ನನ್ನ ಹೆಂಡತಿ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಅಷ್ಟೊಂದು ಮಾತು ಬಾಯಿಪಾಠ ಹೇಗೆ ಮಾಡುತ್ತೀರಿ?

ಸೀರಿಯಲ್‌ನಲ್ಲಿ ಪ್ರಾಂಪ್ಟಿಂಗ್ ಇರುತ್ತದೆ. ಕ್ಯಾಮೆರಾ ಪಕ್ಕದಲ್ಲಿ ನಿಂತವರು ಸಾಲು ಸಾಲಾಗಿ ಓದುತ್ತಾರೆ, ನಾವು ಹಿಡಿದು ಹೇಳುತ್ತೇವೆ. ನಾಟಕದವರಿಗೆ ಮೊದಮೊದಲು ಇದು ಅವಮಾನ ಅನ್ನಿಸುತ್ತದೆ. ಆಮೇಲೆ ಅದೇ ಒಂದು ವಿದ್ಯೆ ಅಂತ ಗೊತ್ತಾಗುತ್ತದೆ. ಒಂದು ಕಿವಿ ಪ್ರಾಂಪ್ಟರ್‌ಗೆ, ಇನ್ನೊಂದು ಎದುರಿನವರಿಗೆ. ಹೊಸಬರು ಪ್ರಾಂಪ್ಟರ್ ಕಡೆಗೇ ಕಣ್ಣು ಕೊಡುತ್ತಾರೆ, ನೋಡುವವರಿಗೆ ಎಲ್ಲೋ ದೂರ ನೋಡುತ್ತಿರುವಂತೆ ಕಾಣುತ್ತದೆ. ಹಾಗಾಗಿ ನಾನು ಸಿಕ್ಕಷ್ಟು ಹೊತ್ತಿನಲ್ಲಿ ಬಾಯಿಪಾಠ ಮಾಡಿಬಿಡುತ್ತೇನೆ. ಎದುರಿನವರ ಮಾತನ್ನೂ ಸೇರಿಸಿ.

ಸೀರಿಯಲ್ ಕೀಳು, ಸಿನಿಮಾ ಮೇಲು ಅಂತಾರೆ. ಹೌದಾ?

ಅನ್ನುವವರು ಅನ್ನಲಿ ಬಿಡಿ. ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನದ ಸೀರಿಯಲ್ಲೇ ಅಲ್ವಾ? ಅದರ ತುಂಬ ಕನ್ನಡದ ರಂಗಭೂಮಿ ಮತ್ತು ಸಿನಿಮಾದ ಪೋಷಕ ನಟರಿದ್ದಾರೆ. ಸ್ವಾಮಿಯ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. 90ರ ದಶಕದ ಕೊನೆಯಲ್ಲಿ ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ ಬರುವ ಹೊತ್ತಿಗೆ ಮನೆಯವರೆಲ್ಲ ಕೆಲಸ ಮುಗಿಸಿ ಟೀವಿ ಮುಂದೆ ಕೂರುತ್ತಿದ್ದರು.

ವ್ಯತ್ಯಾಸ ಇರುವುದು ಮೇಲು-ಕೀಳಿನಲ್ಲಲ್ಲ, ಸಮಯದಲ್ಲಿ. ಸಿನಿಮಾದಲ್ಲಿ ಪಾತ್ರದ ಆದಿ ಅಂತ್ಯ ಮೊದಲೇ ಗೊತ್ತು. ಸೀರಿಯಲ್‌ನಲ್ಲಿ ನಾನು ಒಳ್ಳೆಯವನೋ ಕೆಟ್ಟವನೋ ಅನ್ನುವುದು ಗುರುವಾರ ಟಿಆರ್‌ಪಿ ಬಂದ ಮೇಲೆ ತೀರ್ಮಾನ. ಒಂದು ಸೀರಿಯಲ್‌ನಲ್ಲಿ ಎಂಟು ತಿಂಗಳು ಸಾಧು ಮಾವನಾಗಿದ್ದೆ. ಒಂದು ದಿನ ಸೀನ್ ಪೇಪರ್ ನೋಡಿದರೆ ಆಸ್ತಿ ಪತ್ರಕ್ಕೆ ನಾನೇ ಕಳ್ಳ ಸಹಿ ಹಾಕಿದವನು! ಮೊದಲೇ ಹೇಳಿದ್ದರೆ ಎಲ್ಲಾದರೂ ಒಂದು ಕಡೆ ಕಣ್ಣು ತಪ್ಪಿಸಿರುತ್ತಿದ್ದೆ.

ದುಡ್ಡು ಎಷ್ಟು ಬರುತ್ತದೆ?

ಎಲ್ಲರೂ ಕೊನೆಗೆ ಕೇಳುವುದು ಇದನ್ನೇ, ದನಿ ತಗ್ಗಿಸಿ. ಸೀರಿಯಲ್‌ನಲ್ಲಿ ಸಂಬಳ ಇಲ್ಲ, ದಿನಕ್ಕಿಷ್ಟು ಅಂತ. ಆ ‘ಇಷ್ಟು’ ಒಬ್ಬೊಬ್ಬರಿಗೆ ಒಂದೊಂದು. ಹಾಗಾಗಿ ನನ್ನ ರೇಟು ಹೇಳಿ ಉಪಯೋಗವಿಲ್ಲ, ಲೆಕ್ಕ ಹೇಳುತ್ತೇನೆ.

ಸುಮ್ನೆ ಲೆಕ್ಕಕ್ಕೆ ದಿನಕ್ಕೆ 3,000 ರೂಪಾಯಿ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 12 ದಿನ ಕರೆದರು. 36,000. ಅದರಲ್ಲಿ 10% ಟಿಡಿಎಸ್, ಅಂದರೆ ಕೊಡುವ ಮೊದಲೇ ಕಡಿಯುವ ತೆರಿಗೆ, ಹಿಡಿದರೆ 32,400. ಪೆಟ್ರೋಲ್ ನಿಮ್ಮದು. ನಾಲ್ಕೈದು ಜೊತೆ ಬಟ್ಟೆಯೂ ಬಹಳ ಕಡೆ ನಿಮ್ಮದೇ. ಇನ್ನು ಈ ದುಡ್ಡು ಕೈಗೆ ಬರುವುದು ಅದೇ ತಿಂಗಳಲ್ಲ. ಎರಡು ತಿಂಗಳು, ಕೆಲವು ಕಡೆ ಮೂರು ತಿಂಗಳು ಬಿಟ್ಟು. ಕಥೆ ಬೇರೆ ಮನೆಯ ಕಡೆ ತಿರುಗಿದರೆ 12 ದಿನ 3 ದಿನ ಆಗುತ್ತದೆ. ನಿಮ್ಮ ತಪ್ಪೇನೂ ಇರುವುದಿಲ್ಲ.

ಒಂದು ಸೀರಿಯಲ್ ಇದ್ದಕ್ಕಿದ್ದಂತೆ ನಿಂತುಹೋಯಿತು. ನನ್ನ 14 ದಿನದ ಸಂಭಾವನೆ ಇನ್ನೂ ಬರಬೇಕು. ಹೆಸರು ಬೇಡ. ಆವತ್ತಿನಿಂದ ಒಂದು ಚಿಕ್ಕ ಡೈರಿ ಇಟ್ಟಿದ್ದೇನೆ. ದಿನಾಂಕ, ಸೆಟ್‌ಗೆ ಬಂದ ಹೊತ್ತು, ಬಿಟ್ಟ ಹೊತ್ತು, ಯಾರು ಕರೆದದ್ದು. ತಿಂಗಳ ಕೊನೆಗೆ ಅದನ್ನೇ ಮೆಸೇಜ್ ಮಾಡಿ ಮ್ಯಾನೇಜರ್‌ರಿಂದ ಓಕೆ ಅನ್ನಿಸಿಕೊಳ್ಳುತ್ತೇನೆ. ಕಲಾವಿದರ ಸಂಘಕ್ಕೆ ದೂರು ಕೊಡಬೇಕಾಗಿ ಬಂದರೆ ಕೈಯಲ್ಲಿ ಏನಾದರೂ ಇರಬೇಕಲ್ಲ. ಇನ್ನೊಂದು ಮಾತು: ಪ್ರತಿ ವರ್ಷ ರಿಟರ್ನ್ಸ್ ಹಾಕಿ. ಆದಾಯ ಕಡಿಮೆ ಇದ್ದರೆ ಹಿಡಿದ ಟಿಡಿಎಸ್ ವಾಪಸ್ ಬರುತ್ತದೆ. ನಾನು ಆರು ವರ್ಷ ಹಾಕಿರಲಿಲ್ಲ, ಆ ದುಡ್ಡು ಹೋಯಿತು. ದಡ್ಡತನ.

ಒಂದೇ ಥರದ ಪಾತ್ರ ಮಾಡಿ ಬೇಜಾರಾಗಲ್ವಾ?

ಆಗುತ್ತದೆ. ಬಾಡಿಗೆ ಕಟ್ಟುವ ದಿನ ಆಗುವುದಿಲ್ಲ.

ಬೀದರ್ ಕಡೆಯ ವೈಜನಾಥ ಬಿರಾದಾರ್ ಅವರನ್ನು ನೋಡಿ. ಎಷ್ಟೋ ವರ್ಷ ಅವರಿಗೆ ಸಿಕ್ಕಿದ್ದು ಭಿಕ್ಷುಕ, ಕುಡುಕ, ನಗಿಸುವ ಚಿಕ್ಕ ಪಾತ್ರಗಳು. ಗಿರೀಶ್ ಕಾಸರವಳ್ಳಿ ತಮ್ಮ 2010ರ ‘ಕನಸೆಂಬೋ ಕುದುರೆಯನೇರಿ’ ಚಿತ್ರಕ್ಕೆ ಅವರನ್ನು ಮುಖ್ಯ ಪಾತ್ರಕ್ಕೆ ಹಾಕಿಕೊಂಡರು. ಸಾವಿನ ಮುನ್ಸೂಚನೆಯನ್ನು ಕನಸಿನಲ್ಲಿ ಕಾಣುವ, ಹೆಣ ಹೂಳಲು ಗುಂಡಿ ತೋಡುವವನ ಪಾತ್ರ. ಅದಕ್ಕೆ ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ ನಡೆದ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಮುಖ ಅದೇ, ಮೈ ಅದೇ. ಕ್ಯಾಮೆರಾ ಜಾಸ್ತಿ ಹೊತ್ತು ನಿಂತಿತು ಅಷ್ಟೇ.

ಎಲ್ಲರಿಗೂ ಹಾಗೆ ಆಗುವುದಿಲ್ಲ. ನನಗೆ ಆಗಿಲ್ಲ. ನಾನು ಮಾಡುವುದಿಷ್ಟು. ಪ್ರತಿ ಅಪ್ಪನಿಗೂ ಒಂದು ಬೇರೆ ಅಭ್ಯಾಸ ಕೊಡುತ್ತೇನೆ. ಒಬ್ಬ ಅಪ್ಪ ಪೇಪರನ್ನು ಹಿಂದಿನ ಪುಟದಿಂದ ಓದುತ್ತಾನೆ. ಒಬ್ಬ ಮಾತಾಡುವ ಮೊದಲು ಕನ್ನಡಕ ಒರೆಸುತ್ತಾನೆ. ಡೈರೆಕ್ಟರಿಗೆ ಹೇಳುವುದಿಲ್ಲ. ಹೇಳಿದರೆ ಬೇಡ ಅನ್ನುತ್ತಾರೆ.

ಬೆಂಗಳೂರು ಕನ್ನಡ ಬರದಿದ್ದರೆ ಕಷ್ಟವಾ?

ಮೊದಲು ಕಷ್ಟವಿತ್ತು, ಈಗ ಅದೇ ಬಂಡವಾಳ. ಕುಂದಾಪುರ, ಮಂಗಳೂರು, ಧಾರವಾಡ, ಮಂಡ್ಯ, ಚಾಮರಾಜನಗರದ ಮಾತು ಈಗ ಕೇಳಿ ಪಡೆಯುತ್ತಾರೆ. ನಿಮ್ಮ ಊರಿನ ಮಾತು ಕಳೆದುಕೊಳ್ಳಬೇಡಿ. ಜೊತೆಗೆ ಪುಸ್ತಕದ ಕನ್ನಡವನ್ನೂ ತಡವರಿಸದೆ ಓದಲು ಕಲಿಯಿರಿ. ಪೌರಾಣಿಕ ಸೀರಿಯಲ್‌ನವರು ಕರೆದರೆ ಬೇಕಾಗುತ್ತದೆ. ಅ-ಹ, ಲ-ಳ ತಪ್ಪಿದರೆ ಮಾತ್ರ ಯಾರೂ ಕ್ಷಮಿಸುವುದಿಲ್ಲ, ಡಬ್ಬಿಂಗ್ ಎಂಜಿನಿಯರ್ ಅಂತೂ ಇಲ್ಲವೇ ಇಲ್ಲ.

ಹೆಣ್ಣುಮಕ್ಕಳಿಗೆ ಈ ದಾರಿ ಹೇಗೆ?

ಇದನ್ನು ನನ್ನ ಸಹನಟಿಯರು ಹೇಳಿದ್ದನ್ನು ಕೇಳಿ ಬರೆಯುತ್ತಿದ್ದೇನೆ. ಮೊದಲ ಸಂಗತಿ: ಅಮ್ಮನ ಪಾತ್ರ ಬೇಗ ಬರುತ್ತದೆ, ತೀರಾ ಬೇಗ. ಮೂವತ್ತೈದರ ನಟಿಗೆ ಇಪ್ಪತ್ತೆಂಟರ ಮಗ. ಹಿಂದೆಯೂ ಹೀಗೇ ಇತ್ತು. ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಅವರ ಜೋಡಿಯಾಗಿದ್ದ ಪಂಡರೀಬಾಯಿ ಮುಂದೆ ಅವರಿಗೇ ತಾಯಿಯಾದರು. ರಾಜ್‌ಕುಮಾರ್ ಮಾತ್ರ ನಾಯಕರಾಗಿಯೇ ಉಳಿದರು.

ಎರಡನೆಯದು: ಅಮ್ಮನ ಪಾತ್ರ ಸೀರಿಯಲ್‌ನಲ್ಲಿ ಈಗ ಕಥೆಯ ಮಧ್ಯಕ್ಕೆ ಬಂದಿದೆ. ‘ಒಡಲಾಳ’ ನಾಟಕದ ಸಾಕವ್ವನಾಗಿ ಹೆಸರು ಮಾಡಿದ ಉಮಾಶ್ರೀ ಸಿನಿಮಾದಲ್ಲಿ ಎಷ್ಟೋ ವರ್ಷ ಡಬಲ್ ಮೀನಿಂಗ್ ಹಾಸ್ಯಕ್ಕೆ ಸೀಮಿತರಾದರು. ಆಮೇಲೆ ‘ಗುಲಾಬಿ ಟಾಕೀಸ್’ ಬಂತು, ರಾಷ್ಟ್ರ ಪ್ರಶಸ್ತಿ ಬಂತು, ಮಂತ್ರಿಯಾದರು. 2021ರ ಡಿಸೆಂಬರ್‌ನಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಸೀರಿಯಲ್‌ಗೆ ಅವರದೇ ಪಾತ್ರದ ಹೆಸರು.

ಮೂರನೆಯದು ಸುರಕ್ಷತೆ. ‘ಮೀಟಿಂಗ್’ಗೆ ಒಬ್ಬರೇ ಹೋಟೆಲ್ ರೂಮಿಗೆ ಹೋಗಬೇಡಿ, ಆಫೀಸಿಗೆ ಬರುತ್ತೇನೆ ಅನ್ನಿ. ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆ ಇದೆ, ಅದು ಶೂಟಿಂಗ್‌ಗೂ ಅನ್ವಯ. ನಿಮ್ಮ ನಿರ್ಮಾಣ ಸಂಸ್ಥೆಯಲ್ಲಿ ದೂರು ಸಮಿತಿ ಇದೆಯಾ ಅಂತ ಮೊದಲ ದಿನವೇ ಕೇಳಿ. ಮುಖ ಸಿಂಡರಿಸಿದರೆ ಅದೂ ಒಂದು ಉತ್ತರವೇ.

ಬೇರೆ ಭಾಷೆಗೆ ಹೋದರೆ ಬೆಳೆಯಬಹುದಾ?

ಹೋದವರಿದ್ದಾರೆ. ನಮ್ಮ ಪ್ರಕಾಶ್ ರೈ ಕನ್ನಡ ನಾಟಕ ಮತ್ತು ದೂರದರ್ಶನದ ‘ಬಿಸಿಲುಕುದುರೆ’, ‘ಗುಡ್ಡದ ಭೂತ’ ಸೀರಿಯಲ್‌ಗಳಿಂದ ಬಂದವರು. 1994ರಲ್ಲಿ ತಮಿಳಿಗೆ ಹೋಗಿ ಪ್ರಕಾಶ್ ರಾಜ್ ಆದರು. ‘ಇರುವರ್’ ಚಿತ್ರಕ್ಕೆ ಅತ್ಯುತ್ತಮ ಪೋಷಕ ನಟ ಅಂತ ರಾಷ್ಟ್ರ ಪ್ರಶಸ್ತಿ ಪಡೆದರು. ನನಗೆ ತೆಲುಗಿನಲ್ಲಿ ಒಂದು ಸಲ ಕರೆ ಬಂದಿತ್ತು. ಕೋರ್ಟ್ ಸೀನು, ಜಡ್ಜ್ ಪಾತ್ರ. ಎರಡು ದಿನ ಮಾಡಿದ್ದು ಒಂದೇ ಕೆಲಸ, ಸುತ್ತಿಗೆ ಕುಟ್ಟುವುದು.

ಪ್ರಶಸ್ತಿಗಳು ಸಿಗುತ್ತವಾ?

ಸಿಗುತ್ತವೆ. ರಾಷ್ಟ್ರ ಪ್ರಶಸ್ತಿಯಲ್ಲಿ ಪೋಷಕ ನಟರಿಗೆ ಪ್ರತ್ಯೇಕ ವಿಭಾಗ ಶುರುವಾದದ್ದು 1984ರ ಸಾಲಿನಿಂದ. ರಾಜ್ಯ ಪ್ರಶಸ್ತಿಯಲ್ಲಿ ಅದಕ್ಕೂ ಎಷ್ಟೋ ಮೊದಲೇ ಇತ್ತು. ಇನ್ನೊಂದು ಖುಷಿಯ ವಿಷಯ. 2007ರ ಸಾಲಿನ ರಾಷ್ಟ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ನಟಿ ಉಮಾಶ್ರೀ, ಅತ್ಯುತ್ತಮ ನಟ ‘ಕಾಂಚೀವರಂ’ ಚಿತ್ರದ ಪ್ರಕಾಶ್ ರೈ. ಇಬ್ಬರೂ ಕನ್ನಡ ನಾಟಕದವರು, ಇಬ್ಬರೂ ಪೋಷಕ ಪಾತ್ರದಲ್ಲಿ ಬೆಳೆದವರು. ನಮ್ಮ ಮೇಕಪ್ ರೂಮಿನಲ್ಲಿ ಆವತ್ತು ಒಂದು ಕೆಜಿ ಮೈಸೂರ್ ಪಾಕ್ ಖರ್ಚಾಯಿತು.

ವಯಸ್ಸಾದ ಮೇಲೆ ಏನು ಗತಿ?

ಪಿಎಫ್ ಇಲ್ಲ, ಗ್ರಾಚುಯಿಟಿ ಇಲ್ಲ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ಇದೆ. ದೊಡ್ಡ ಮೊತ್ತವಲ್ಲ, ಆದರೆ ಅರ್ಜಿ ಹಾಕಲು ನಾಚಿಕೆ ಬೇಡ. ನಾಟಕದ ಕರಪತ್ರ, ಪೇಪರ್ ಕಟಿಂಗ್, ಪ್ರಮಾಣಪತ್ರ ಎಲ್ಲ ಜೋಪಾನ ಮಾಡಿಡಿ. 2024ರಲ್ಲಿ ರಾಜ್ಯ ಸರ್ಕಾರ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕಲ್ಯಾಣಕ್ಕೆ ಒಂದು ಕಾಯ್ದೆ ಮಾಡಿತು. ಸಿನಿಮಾ ಟಿಕೆಟ್, ಒಟಿಟಿ ಚಂದಾ ಮುಂತಾದವುಗಳ ಮೇಲೆ 1ರಿಂದ 2% ಸೆಸ್ ಹಾಕಿ ಕಲ್ಯಾಣ ನಿಧಿ ಮಾಡಲು ಅದರಲ್ಲಿ ಅವಕಾಶ ಇದೆ. ಆ ನಿಧಿಯ ದುಡ್ಡು ಕೈಗೆ ಬರುವುದನ್ನು ಕಾಯದೆ ಆರೋಗ್ಯ ವಿಮೆಯನ್ನು ನಲವತ್ತರ ಒಳಗೇ ಮಾಡಿಸಿಕೊಳ್ಳಿ. ಒಳ್ಳೆ ತಿಂಗಳ ದುಡ್ಡಿನಲ್ಲಿ ಮೂರನೇ ಒಂದು ಭಾಗ ಮುಟ್ಟಬೇಡಿ. ಬೈಕು ಚೆನ್ನಾಗಿದ್ದರೆ ಕಾರು ಬೇಡ. ಮುಖ ಗೊತ್ತಿರುವವರು ಬಸ್ಸಿನಲ್ಲಿ ಹೋಗಬಾರದು ಅಂತ ಎಲ್ಲೂ ಬರೆದಿಲ್ಲ. ಬಸ್ಸಿನಲ್ಲಿ ಕೂತಾಗಲೇ ನನಗೆ ಹೊಸ ಹೊಸ ಅಪ್ಪಂದಿರು ಸಿಕ್ಕಿರುವುದು.

ನಿಮ್ಮ ಪಾತ್ರ ಸತ್ತುಹೋಯಿತಲ್ಲ, ಮತ್ತೆ ಬರುತ್ತೀರಾ?

ಈಗ ಎಲ್ಲರೂ ಕೇಳುತ್ತಿರುವ ಪ್ರಶ್ನೆ ಇದು. ಸದ್ಯ ಬರುವುದಿಲ್ಲ. ಆಕ್ಸಿಡೆಂಟ್ ಆಗಿದೆ, ಹದಿನಾಲ್ಕನೇ ದಿನದ ವೈಕುಂಠ ಸಮಾರಾಧನೆಯೂ ಆಗಿದೆ. ಹೆಣ ತೋರಿಸಿರದಿದ್ದರೆ ಆಸೆ ಇಟ್ಟುಕೊಳ್ಳಬಹುದಿತ್ತು, ತೋರಿಸಿಬಿಟ್ಟರು.

ಫೋಟೋ ಮಾತ್ರ ಹಾಲ್‌ನಲ್ಲಿ ಇದೆ, ಗಂಧದ ಹಾರ ಹಾಕಿದ್ದಾರೆ. ಮನೆಯಲ್ಲಿ ಏನೇ ಆದರೂ ಮಗಳು ಬಂದು ಆ ಫೋಟೋ ಮುಂದೆ ನಿಂತು ಅಳುತ್ತಾಳೆ, ಕ್ಯಾಮೆರಾ ಫೋಟೋ ಮೇಲೆ ಹೋಗುತ್ತದೆ. ವಾರಕ್ಕೆ ಎರಡು ಸಲ ಆದರೂ ಇರುತ್ತೇನೆ. ಇದಕ್ಕೆ ದಿನದ ರೇಟು ಅನ್ವಯಿಸುತ್ತದಾ ಅಂತ ಮ್ಯಾನೇಜರ್‌ಗೆ ಮೆಸೇಜ್ ಹಾಕಿದ್ದೆ. ನಗುವ ಗೊಂಬೆ ಮೂರು ಕಳಿಸಿದರು. ಆ ಫೋಟೋ ತೆಗೆದದ್ದು ನನ್ನ ಮೊದಲ ದಿನ, ಲುಕ್ ಟೆಸ್ಟ್‌ಗೆ. ಎದುರಿಗೆ ಯಾರೋ ಏನೋ ಹೇಳುತ್ತಿದ್ದರು, ನಾನು ಕೇಳಿಸಿಕೊಳ್ಳುತ್ತಿದ್ದೆ.